ಮೂರನೇ ಮೆಷಿನ್

ನನ್ನ ತಮ್ಮನಿಗೆ ಮನೆಯಲ್ಲಿ ಚಿಕ್ಕಂದಿನಿಂದ 'ಯಾಕಪ್ಪ' ಅಂತಲೇ ಹೆಸರು. ಹಾಲು ಯಾಕೆ ಬೆಳ್ಳಗಿದೆ, ಅಪ್ಪ ಯಾಕೆ ಗೊರಕೆ ಹೊಡೀತಾರೆ, ಅಮ್ಮ ಹೋದಮೇಲೆ ನೀನೇ ಯಾಕೆ ಅಡುಗೆ ಮಾಡಬೇಕು. ಅವನ ಬಾಯಿ ಮುಚ್ಚಿಸೋದು ನನ್ನ ಕೈಲಿ ಎಂದೂ ಆಗಲಿಲ್ಲ. ನಾನೇ ಎತ್ತಿ ಆಡಿಸಿದ ಹುಡುಗ. ಹೊಲಿಗೆ ಮೆಷಿನ್ ತುಳಿದು ತುಳಿದು ಓದಿಸಿದೆ. ಕಳೆದ ಚುನಾವಣೆಯಲ್ಲಿ ಗೆದ್ದು ಶಾಸಕನಾದಾಗ, ಸದ್ಯ, ಇನ್ನು ಸರ್ಕಾರದ ತಲೆ ತಿನ್ನಲಿ, ನನ್ನ ತಲೆ ಉಳೀತು ಅಂದುಕೊಂಡಿದ್ದೆ. ಅವನ ಪ್ರಶ್ನೆ ನನ್ನ ಕುತ್ತಿಗೆಗೇ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು?

ನನ್ನ ಕಿಡ್ನಿಗಳು ಕೈಕೊಟ್ಟು ಕೆಲವು ವರ್ಷವಾಯಿತು. ದಿನ ಬಿಟ್ಟು ದಿನ ಊರಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಎಡಗೈಗೆ ಎರಡು ಸೂಜಿ ಚುಚ್ಚುತ್ತಾರೆ. ಒಂದರಿಂದ ರಕ್ತ ಹೊರಗೆ ಹೋಗಿ, ಮೆಷಿನ್ನಲ್ಲಿ ತೊಳೆದುಕೊಂಡು, ಇನ್ನೊಂದರಿಂದ ವಾಪಸ್ ಬರುತ್ತದೆ. ಮಧ್ಯಾಹ್ನದವರೆಗೆ ಅಲ್ಲಾಡದೆ ಬಿದ್ದಿರಬೇಕು. ಒಂದು ವಾರ ತಪ್ಪಿದರೆ ನಾನಿಲ್ಲ. ಇದರಲ್ಲಿ ಸುತ್ತಿ ಬಳಸಿ ಹೇಳೋದೇನೂ ಇಲ್ಲ.

ನಮ್ಮ ವಾರ್ಡಿನಲ್ಲಿ ಮೂರು ಮೆಷಿನ್ ಇವೆ. ದಾಖಲೆಯಲ್ಲಿ ಇರೋದು ಎರಡೇ. ಮೂರನೆಯದು ಬೇರೆ ಊರಿನ ಆಸ್ಪತ್ರೆಯದು. ಅಲ್ಲಿ ಅದನ್ನು ನಡೆಸುವವರಿಲ್ಲದೆ ಪೆಟ್ಟಿಗೆಯಲ್ಲೇ ಧೂಳು ತಿನ್ನುತ್ತಿತ್ತು. ನಮ್ಮ ಟೆಕ್ನಿಷಿಯನ್ ಅಲ್ಲಿಯ ಡಾಕ್ಟರ ಕೈಕಾಲು ಹಿಡಿದು, ತರಕಾರಿ ವ್ಯಾನಿನಲ್ಲಿ ಹೇರಿಕೊಂಡು ತಂದ. ದಾಖಲೆಯ ಪ್ರಕಾರ ಅದು ಇವತ್ತಿಗೂ ಆ ಊರಲ್ಲೇ ಓಡುತ್ತಿದೆ. ಇಲ್ಲಿ ಅದು ಕೆಟ್ಟರೆ ಉಳಿದೆರಡರ ಹೆಸರು ಹೇಳಿ ಬಿಡಿಭಾಗ ತರಿಸಿ ಹಾಕುತ್ತಾರೆ. ಮೇಲಿನವರಿಗೆ ಗೊತ್ತಾದರೆ ಮೆಷಿನ್ ವಾಪಸ್, ಟೆಕ್ನಿಷಿಯನ್ ಮನೆಗೆ, ಅದಕ್ಕೆ ಅಂಟಿಕೊಂಡ ನಾವು ಒಂದಷ್ಟು ಜನ ಮಣ್ಣಿಗೆ. ಹಾಗಾಗಿ ವಾರ್ಡಿನಲ್ಲಿ ಎಲ್ಲರ ಬಾಯಿಗೂ ಬೀಗ. ತಮ್ಮನಿಗೂ ನಾನು ಹೇಳಿರಲಿಲ್ಲ. ಹೇಳಿದರೆ ಯಾಕೆ ಅನ್ನುತ್ತಾನಲ್ಲ.

ಒಂದು ದಿನ ಅವನು ನನ್ನನ್ನು ನೋಡೋಕೆ ಅಂತ ವಾರ್ಡಿಗೇ ಬಂದುಬಿಟ್ಟ. ವರಾಂಡದಲ್ಲಿ ಸರದಿಗಾಗಿ ಕಾದು ಕೂತವರ ಊದಿದ ಕಾಲು, ಕಪ್ಪಿಟ್ಟ ಮುಖ ನೋಡಿದ. ಏನೂ ಮಾತಾಡದೆ ಹೋದ. ಅವನು ಮಾತಾಡದೆ ಹೋದರೆ ನನಗೆ ಮೊದಲಿಂದಲೂ ಭಯವೇ.

ಆ ಭಯ ಸುಳ್ಳಾಗಲಿಲ್ಲ. ಒಂದು ಬೆಳಿಗ್ಗೆ ನನ್ನ ರಕ್ತ ಅರ್ಧ ಒಳಗೆ ಅರ್ಧ ಹೊರಗೆ ಇರುವಾಗ ಸಿಸ್ಟರ್ ಏದುಸಿರು ಬಿಡುತ್ತಾ ಓಡಿಬಂದಳು.

"ರಾಜಧಾನಿಯಿಂದ ಆಫೀಸರ್ ಬಂದಿದಾರೆ. ಮೆಷಿನ್ ಎಣಿಸ್ತಾರಂತೆ. ನಮ್ಮ ಎಂಎಲ್ಎ ಸಾಹೇಬ್ರು ಸದನದಲ್ಲಿ ಪ್ರಶ್ನೆ ಹಾಕಿದಾರಂತೆ. ಈ ಆಸ್ಪತ್ರೇಲಿ ಮೆಷಿನ್ ಎಷ್ಟಿದೆ, ಅದು ಸಾಕಾ, ಸರ್ಕಾರ ಎಷ್ಟು ಅನುದಾನ ಕೊಟ್ಟಿದೆ ಅಂತ."

ವಾರ್ಡಿನವರೆಲ್ಲ ನನ್ನ ಕಡೆ ತಿರುಗಿದರು. ಎರಡನೇ ಮೆಷಿನ್ನಲ್ಲಿದ್ದ ಡ್ರಾಯಿಂಗ್ ಮೇಷ್ಟ್ರು ಮಾತ್ರ ನಕ್ಕರು. "ಅಮ್ಮಾ, ನಿಮ್ಮ ತಮ್ಮ ಒಳ್ಳೆಯವನು. ಅದೇ ತೊಂದರೆ," ಅಂದರು.

ಮೆಷಿನ್ ನಿಲ್ಲಿಸಿ ಅಂದೆ. ಟೆಕ್ನಿಷಿಯನ್ ಆಗೋದಿಲ್ಲ ಅಂತ ತಲೆಯಾಡಿಸಿದ. ಹೊರಗಿರುವ ರಕ್ತ ಒಳಗೆ ಸೇರಿಸೋಕೆ ಹೊತ್ತು ಹಿಡಿಯುತ್ತೆ, ಅವರಾಗಲೇ ಮೆಟ್ಟಿಲು ಹತ್ತುತ್ತಿದಾರೆ. ಅವನು ನನ್ನ ಮಂಚದ ಸುತ್ತ ಹಸಿರು ಪರದೆ ಎಳೆದ. "ಅಕ್ಕಾ, ಕೈ ಮಡಚಬೇಡಿ. ಮಡಚಿದ್ರೆ ಮೆಷಿನ್ ಕಿರುಚುತ್ತೆ. ಕೆಮ್ಮಬೇಡಿ," ಅಂತ ಹೇಳಿ ಹೊರಗೆ ನಿಂತ.

ಬೂಟುಗಳ ಸದ್ದು ಒಳಗೆ ಬಂತು. ಪರದೆಯ ಕೆಳಗಿನ ಸಂದಿಯಲ್ಲಿ ಪಾಲಿಶ್ ಮಾಡಿದ ಒಂದು ಜೊತೆ ಕಪ್ಪು ಬೂಟು ಕಾಣುತ್ತಿತ್ತು. ಆಫೀಸರ್ ಮೊದಲ ಮೆಷಿನ್ನಿನ ಮುಂದೆ ನಿಂತರು, ನಂತರ ಎರಡನೆಯದರ ಮುಂದೆ. ಮೇಷ್ಟ್ರನ್ನು ಊಟ ಸೇರುತ್ತಾ, ನಿದ್ದೆ ಬರುತ್ತಾ ಅಂತ ವಿಚಾರಿಸಿದರು. ಮೇಷ್ಟ್ರು ಬೇಕೆಂದೇ ತಮ್ಮ ಮಲಬದ್ಧತೆಯ ಕಥೆ ಶುರು ಮಾಡಿದರು. ಬೇರೆ ದಿನವಾಗಿದ್ದರೆ ನಗು ತಡೆಯೋಕೆ ಆಗುತ್ತಿರಲಿಲ್ಲ.

ಅಷ್ಟು ಹೊತ್ತಿಗೆ ನನ್ನ ಬಲಗಾಲಿನ ಮೀನಖಂಡ ಸೆಟೆದುಕೊಂಡಿತು. ಡಯಾಲಿಸಿಸ್ನಲ್ಲಿ ಇದು ಮಾಮೂಲು. ಮಾಮೂಲು ಅಂತ ಹೇಳೋದು ಸುಲಭ. ಒದ್ದೆ ಬಟ್ಟೆ ಹಿಂಡಿದ ಹಾಗೆ ಯಾರೋ ಕಾಲನ್ನು ಹಿಂಡುತ್ತಿದ್ದರು. ಬೇರೆ ದಿನ ಸಿಸ್ಟರ್ ಬಂದು ಪಾದ ಹಿಡಿದು ಒತ್ತುತ್ತಿದ್ದಳು, ನಾನು ಅವಳ ವಂಶಕ್ಕೆಲ್ಲ ಬೈಯುತ್ತಿದ್ದೆ. ಈಗ ಸೆರಗನ್ನು ಬಾಯಿಗೆ ತುರುಕಿಕೊಂಡು ಹಲ್ಲು ಕಚ್ಚಿದೆ. ಬೆವರು ಕಣ್ಣಿಗೆ ಇಳಿಯಿತು. ಎಡಗೈಯನ್ನು ಮಾತ್ರ ನನ್ನದಲ್ಲ ಅಂದುಕೊಂಡು ಚಾಚಿಯೇ ಇಟ್ಟಿದ್ದೆ. ಮಗ್ಗುಲಲ್ಲಿ ಪಂಪು ತಿರುಗುತ್ತಲೇ ಇತ್ತು. ಮನೆಯವರ ಉಸಿರಾಟ ಗುರುತಿರುವ ಹಾಗೆ ಅದರ ಸದ್ದು ನನಗೆ ಗುರುತು. ಅವತ್ತು ಮಾತ್ರ ಅದು ಊರಿಗೆಲ್ಲ ಕೇಳಿಸುತ್ತಿದೆ ಅನ್ನಿಸಿತು.

ಬೂಟು ಪರದೆಯ ಹತ್ತಿರ ಬಂದು ನಿಂತಿತು.

"ಇದೇನು ಸದ್ದು?"

"ನೀರು ಶುದ್ಧ ಮಾಡೋ ಮೋಟರ್, ಸರ್," ಅಂದ ಟೆಕ್ನಿಷಿಯನ್. ಅವನ ದನಿ ಅವನದಾಗಿರಲಿಲ್ಲ.

ಪರದೆಯ ಅಂಚಿನಲ್ಲಿ ನಾಲ್ಕು ಬೆರಳು ಕಂಡವು. ಮುಗೀತು ಅಂದುಕೊಂಡೆ. ಕಣ್ಣು ಮುಚ್ಚಿದೆ. ಸಾಯೋಕೆ ಹೆದರೋದಿಲ್ಲ ಅಂತ ಎಷ್ಟೋ ಜನರ ಮುಂದೆ ಜಂಬ ಕೊಚ್ಚಿದ್ದೆ. ಎಲ್ಲ ಬರೀ ಬಾಯಿಮಾತು. ನನಗೆ ಬದುಕಬೇಕಿತ್ತು.

ಕಣ್ಣು ಬಿಟ್ಟಾಗ ಬೆರಳು ಇರಲಿಲ್ಲ. ಆಫೀಸರ್ ಬಾಗಿಲ ಹತ್ತಿರ ನಿಂತು, "ಎರಡು ಅಂತ ಬರ್ಕೊಳ್ಳಿ," ಅಂತ ಯಾರಿಗೋ ಹೇಳಿದರು. ಆಮೇಲೆ ಟೆಕ್ನಿಷಿಯನ್ ಕಡೆ ತಿರುಗಿ, "ಆ ಮೋಟರ್ನ ಚೆನ್ನಾಗಿ ನೋಡ್ಕೊಳ್ಳಪ್ಪ," ಅಂದರು. ಅವರು ನನ್ನನ್ನು ನೋಡಿದರೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.

ಅವತ್ತು ಸಂಜೆಯೇ ತಮ್ಮನನ್ನು ಮನೆಗೆ ಕರೆಸಿದೆ. ಹೊಲಿಯೋ ಕೋಣೆಯಲ್ಲಿ ಗಿರಾಕಿಗಳ ಬಟ್ಟೆಯ ರಾಶಿ ಸರಿಸಿ ಕೂರಿಸಿ, ಎಲ್ಲ ಹೇಳಿದೆ.

"ಇಷ್ಟು ದಿನ ನನಗ್ಯಾಕೆ ಹೇಳಲಿಲ್ಲ?"

"ನೀನು ಯಾಕೆ ಅಂತೀಯ ಅಂತಲೇ."

"ಅಕ್ಕಾ, ಪ್ರಶ್ನೆ ಆಗಲೇ ಪಟ್ಟಿಯಲ್ಲಿದೆ. ನಾನು ಸದನದಲ್ಲಿ ಇದ್ದದ್ದನ್ನ ಇದ್ದ ಹಾಗೆ ಹೇಳ್ತೀನಿ. ಮೂರಿದೆ, ಅದರಲ್ಲಿ ಒಂದಕ್ಕೆ ದಾಖಲೆ ಇಲ್ಲ, ನಮಗೆ ಬೇಕಿರೋದು ಐದು. ಸತ್ಯ ಹೇಳಿದ್ರೆ ಕೊಡಲೇಬೇಕು."

"ಕೊಡ್ತಾರೆ. ಮೊದಲು ಇರೋದನ್ನ ಕಿತ್ಕೊಂಡು ಹೋಗ್ತಾರೆ. ಆಮೇಲೆ ಸಮಿತಿ ಮಾಡ್ತಾರೆ, ಆಮೇಲೆ ಟೆಂಡರ್ ಕರೀತಾರೆ. ನಿನ್ನ ಐದು ಬರೋ ಹೊತ್ತಿಗೆ ನಾನು ಗೋಡೆ ಮೇಲೆ ಫೋಟೋ ಆಗಿರ್ತೀನಿ ಕಣೋ."

"ವರಾಂಡದಲ್ಲಿ ಕೂತಿದ್ದಾರಲ್ಲ, ಅವರ ಗತಿ?"

"ನನಗೆ ಹೆದರಿಕೆ ಆಗ್ತಿದೆ," ಅಂದೆ. ಅವನಿಗೆ ಜನ್ಮದಲ್ಲಿ ನಾನು ಆ ಮಾತು ಹೇಳಿದ್ದೇ ಇಲ್ಲ. ಅವನು ಬಗ್ಗಿ ನನ್ನ ಊದಿದ ಪಾದ ನೋಡಿದ. ಏನೂ ಮಾತಾಡದೆ ಎದ್ದುಹೋದ.

ಪ್ರಶ್ನೆಯ ದಿನ ನನ್ನ ಸರದಿಯೂ ಇತ್ತು. ವಾರ್ಡಿನ ಗೋಡೆಯ ಟೀವಿಯಲ್ಲಿ ಸದನ ನೇರವಾಗಿ ಬರುತ್ತಿತ್ತು. ವರಾಂಡದವರೂ ಬಾಗಿಲಿಗೆ ಬಂದು ನಿಂತಿದ್ದರು. ಟೆಕ್ನಿಷಿಯನ್ ನನ್ನ ಮೆಷಿನ್ನಿನ ತಲೆ ಮೇಲೆ ಕೈಯಿಟ್ಟು ನಿಂತಿದ್ದ. ಅವನಿಗೆ ಮದುವೆಗೆ ಬಂದ ಇಬ್ಬರು ತಂಗಿಯರಿದ್ದಾರೆ.

ತಮ್ಮನ ಹೆಸರು ಕೂಗಿದರು. ಎದ್ದು ನಿಂತ. ನಾನೇ ಹೊಲಿದುಕೊಟ್ಟ ಬಿಳಿ ಅಂಗಿ. ಸಚಿವರು ಮೂಗಿನ ತುದಿಗೆ ಕನ್ನಡಕ ಇಳಿಸಿ ಓದಿದರು. ಸದರಿ ಆಸ್ಪತ್ರೆಯಲ್ಲಿ ಎರಡು ಡಯಾಲಿಸಿಸ್ ಯಂತ್ರಗಳಿದ್ದು, ಎರಡೂ ಸುಸ್ಥಿತಿಯಲ್ಲಿವೆ, ರೋಗಿಗಳಿಗೆ ಯಾವುದೇ ತೊಂದರೆ ಆಗಿರುವುದಿಲ್ಲ. ಬಾಗಿಲಲ್ಲಿ ಯಾರೋ ಕೆಟ್ಟ ಮಾತಿನಲ್ಲಿ ಬೈದರು.

"ಮಾನ್ಯ ಸದಸ್ಯರು ಉಪಪ್ರಶ್ನೆ ಕೇಳಬಹುದು," ಅಂದರು ಸಭಾಧ್ಯಕ್ಷರು.

ಅವನು ಮೈಕ್ ಹಿಡಿದುಕೊಂಡ. ಬಾಯಿ ತೆರೆದ. ಮತ್ತೆ ಮುಚ್ಚಿದ. ಹಿಂದಿನ ಸಾಲಿನವರು ಕೇಳಿ, ಕೇಳಿ ಅಂತ ಹುರಿದುಂಬಿಸುತ್ತಿದ್ದರು. ಪಂಪು ನನ್ನ ಕಿವಿಯಲ್ಲೇ ತಿರುಗುತ್ತಿತ್ತು. ಬೇಡ ಕಣೋ, ಬೇಡ, ಬೇಡ ಅಂತ ಒಳಗೊಳಗೇ ಅನ್ನುತ್ತಿದ್ದೆ. ಬಾಗಿಲಲ್ಲಿ ನಿಂತವರ ಮುಖ ನೋಡೋ ಧೈರ್ಯ ನನಗೆ ಬರಲಿಲ್ಲ.

"ಉಪಪ್ರಶ್ನೆ ಇಲ್ಲ," ಅಂದ ನನ್ನ ತಮ್ಮ. "ಉತ್ತರದಿಂದ ತೃಪ್ತಿಯಾಗಿದೆ."

ಸದನದಲ್ಲಿ ನಗು ಎದ್ದಿತು. ಹಿಂದಿನ ಸಾಲಿನವರು ತಲೆ ಚಚ್ಚಿಕೊಂಡರು. ನಮ್ಮ ವಾರ್ಡಿನಲ್ಲಿ ಸಿಸ್ಟರ್ ಮುಖ ಮುಚ್ಚಿಕೊಂಡು ಅತ್ತಳು. ಬದುಕಿದೆಯಾ ಬಡಜೀವವೇ ಅಂತ ನಾನು ದಿಂಬಿಗೆ ತಲೆ ಆನಿಸಿದೆ. ವರಾಂಡದವರು ಒಬ್ಬೊಬ್ಬರಾಗಿ ತಮ್ಮ ಬೆಂಚಿಗೆ ವಾಪಸ್ ಹೋದರು.

ಆಗ ಸಚಿವರು ಮತ್ತೆ ಎದ್ದರು. ಖುಷಿಯಾಗಿದ್ದರು. "ಅಧ್ಯಕ್ಷರೇ, ಒಂದು ಮಾತು. ಎರಡೇ ಯಂತ್ರ ಇರೋ ಈ ಆಸ್ಪತ್ರೆಯಿಂದ ಬಿಡಿಭಾಗಗಳಿಗೆ ವಿಪರೀತ ಬೇಡಿಕೆ ಬರ್ತಾ ಇದೆ. ಯಂತ್ರಗಳು ಸುಸ್ಥಿತಿಯಲ್ಲಿವೆ ಅಂತ ಸ್ಥಳೀಯ ಶಾಸಕರೇ ಈಗ ಒಪ್ಪಿದ್ದಾರೆ. ಆದ್ದರಿಂದ ಇನ್ನು ಮುಂದೆ ಅಲ್ಲಿಗೆ ಎರಡು ಯಂತ್ರಕ್ಕೆ ಬೇಕಾದಷ್ಟು ಮಾತ್ರ ಕಳಿಸೋದಕ್ಕೆ ಆದೇಶ ಮಾಡ್ತೀನಿ."

ಟೀವಿಯಲ್ಲಿ ನನ್ನ ತಮ್ಮ ಇನ್ನೂ ನಿಂತೇ ಇದ್ದ. ಕೂತ್ಕೊಳ್ಳಿ, ನಿಮ್ಮದಾಯ್ತು ಅಂತ ಸಭಾಧ್ಯಕ್ಷರು ಹೇಳಬೇಕಾಯಿತು. ಟೆಕ್ನಿಷಿಯನ್ ನಿಧಾನವಾಗಿ ಮೆಷಿನ್ನಿನ ಮೇಲಿಂದ ಕೈ ತೆಗೆದ. "ಏನಾಯ್ತಪ್ಪ, ಹೇಳು," ಅಂದೆ. "ಪಂಪಿನಲ್ಲಿ ರಕ್ತ ತಳ್ಳೋ ರೋಲರ್ ಸವೆದಿದೆ, ಅಕ್ಕಾ. ಹೊಸದಕ್ಕೆ ಬರೆದಿದ್ದೆ," ಅಂದ. ಆಮೇಲೆ ಪಾಪ, ನನಗೆ ಧೈರ್ಯ ಹೇಳಬೇಕು ಅನ್ನಿಸಿತೋ ಏನೋ, ಇನ್ನೂ ಒಂದಷ್ಟು ದಿನ ಓಡುತ್ತೆ ಅಂತ ಸೇರಿಸಿದ. ಎಷ್ಟು ದಿನ ಅಂತ ನಾನೂ ಕೇಳಲಿಲ್ಲ.

ಮುಂದಿನ ಸರದಿಗೆ ತಮ್ಮ ಬಂದ. ಜೊತೆಗೆ ಹಿಂಬಾಲಕರು ಯಾರೂ ಇರಲಿಲ್ಲ. ವರಾಂಡ ದಾಟುವಾಗ ತಲೆ ತಗ್ಗಿಸಿಕೊಂಡೇ ಬಂದನಂತೆ. ಯಾರೂ ಅವನಿಗೆ ಏನೂ ಅನ್ನಲಿಲ್ಲವಂತೆ. ನನ್ನ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತ, ನನ್ನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಬಯ್ಯಬೇಕು ಅಂದುಕೊಂಡಿದ್ದೆ, ಸಮಾಧಾನ ಮಾಡಬೇಕು ಅಂತಲೂ ಅಂದುಕೊಂಡಿದ್ದೆ.

ಅಷ್ಟರಲ್ಲಿ ಪಂಪಿನೊಳಗಿಂದ ಟಕ್ ಅಂತ ಒಂದು ಸದ್ದು ಬಂತು. ಆಮೇಲೆ ಪ್ರತಿ ಸುತ್ತಿಗೂ ಬರತೊಡಗಿತು. ಅಂಥ ಸದ್ದು ಅದು ಹಿಂದೆ ಮಾಡಿದ್ದಿಲ್ಲ. ತಮ್ಮ ಬೆಚ್ಚಿಬಿದ್ದು ಮೆಷಿನ್ ನೋಡಿದ, ಆಮೇಲೆ ನನ್ನ ಮುಖ ನೋಡಿದ. ಈಗ ಕೇಳುತ್ತಾನೆ, ಅಕ್ಕಾ ಯಾಕೆ ಹೀಗೆ ಸದ್ದು ಬರ್ತಿದೆ ಅಂತ ಕೇಳೇ ಕೇಳುತ್ತಾನೆ ಅಂತ ನಾನು ಕಾದೆ.

ಯಾಕಪ್ಪ ಏನೂ ಕೇಳಲಿಲ್ಲ.