ತೊಟ್ಟಿಲ ಮೊರ

“ಏ ಸಾಬಿ, ಸಾಲಾಗಿ ನಿಲ್ಲಸಬೇ ನಿನ್ನ ಮರಿಗೋಳಿಗಿ! ದೊಡ್ಡದು ಆ ಕಡಿ, ಮೊಲಿ ಕುಡಿಯೂದು ಈ ಕಡಿ. ಸಾಹೇಬರಿಗಿ ಕಾಣಬೇಕು!”

ಕಮಲಾಪುರದ ಜಗದೇವಪ್ಪಗೌಡ ಹೀಗೆ ಕೂಗಿದ್ದು ಕಲಬುರ್ಗಿಯಲ್ಲಿ, ಬೇಸಾಯದ ನುಮಾಯಿಶು, ಎಂದರೆ ಪ್ರದರ್ಶನ, ನಡೆದಿದ್ದ ಬಯಲಿನಲ್ಲಿ, ಕುರ್ಚಿ ಹಾಕಿ ಕೂತ ಜಮೀನುದಾರರೆಲ್ಲರ ಎದುರಿಗೆ. ಸಾಬಮ್ಮ ಲಗುಬಗೆಯಿಂದ ಆರೂ ಮಕ್ಕಳ ಮೂಗನ್ನು ಸೆರಗಿನಿಂದ ಒರೆಸಿ ನಿಲ್ಲಿಸಿದಳು. ಗೌಡ ತಾನಾಗಿ ಕೇರಿಯ ಬಾಯಿಗೆ ಬಂದು, “ಎಲ್ಲಾ ಮಕ್ಕಳಿಗಿ ಎರದು ಕರಕೊಂಡು ಬಾ, ಹೈದರಾಬಾದಿನ ಸಾಹೇಬರು ನೋಡ್ತಾರಂತ” ಎಂದಿದ್ದ. ನೋಡಿದವರು ಬರಿಗೈಲಿ ಕಳಿಸುತ್ತಾರೆಯೇ? ಅಂಗಿಯೋ ಅರಿವೆಯೋ ಕೊಟ್ಟಾರೆಂದು ಮೇವಿನ ಗಾಡಿಯ ಮೇಲೆ ಕೂತು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೊಲಿದುಕೊಂಡು ಬಂದಿದ್ದಳು.

ಸಾಹೇಬ ಬೆತ್ತದ ತುದಿಯಿಂದ ಮೂರನೆಯವನ ಹೊಟ್ಟೆ ಒತ್ತಿ ಉರ್ದುವಿನಲ್ಲಿ ಏನೋ ಹೇಳಿದ. ಕುರ್ಚಿಯವರು ನಕ್ಕರು. ಸಾಬಮ್ಮಳೂ ನಕ್ಕಳು. ದೊಡ್ಡವರು ನಗುವಾಗ ಮುಖ ಗಂಟು ಹಾಕಿ ನಿಲ್ಲಲಾದೀತೆ? ಆಮೇಲೆ ಗೌಡ ಎದ್ದು ಅವನೂ ಉರ್ದುವಿನಲ್ಲೇ ಏನೋ ಹೇಳಿದ. ಚಪ್ಪಾಳೆ ಬಿತ್ತು. ಅವಳ ಸಣ್ಣ ಮಗಳೂ ಖುಷಿಯಿಂದ ಚಪ್ಪಾಳೆ ತಟ್ಟಿದಳು.

ನೀರು ಹಂಚುತ್ತಿದ್ದ ಜವಾನ ಚಾಂದಪಾಶಾ ಮಾತ್ರ ನಗಲಿಲ್ಲ. ಮಕ್ಕಳ ಕೈಗೆ ಒಂದಿಷ್ಟು ಪುಟಾಣಿ ಕಡಲೆ ಹಾಕಿದ.

“ಯಣ್ಣಾ, ಸಾಹೇಬ್ರು ಏನಂದ್ರು?”

“ಬಿಡಬೇ ತಂಗಿ. ಕೇಳಿ ಏನ್ ಮಾಡ್ತಿ?”

“ಹೇಳೋ ಯಣ್ಣಾ. ನನ್ನ ಮಕ್ಕಳ ಬಗ್ಗಿ ಅಂದಾರ.”

ಚಾಂದಪಾಶಾ ನೆಲ ನೋಡಿದ. “ಹೊಸ ಬೀಜ ಬಂತು, ಮಷೀನ ಬಂತು, ಬೆಳಿ ದುಪ್ಪಟ್ಟಾಯ್ತು. ಆದ್ರ ಇಂಥವರು ಇಲಿಹಂಗ ಹಡದು ಬಂದ ಬರಕತ್ತೆಲ್ಲಾ ತಿಂದ್ ಹಾಕ್ತಾರ ಅಂದ್ರು. ನಿಮ್ಮ ಗೌಡ ಎದ್ದು, ಈ ಸುಗ್ಗಿಯಿಂದ ತೊಟ್ಟಿಲ ಮೊರ ಬಂದ್ ಅಂದ. ಚಪ್ಪಾಳಿ ಬಿದ್ದಿದ್ದು ಅದಕ್ಕ.”

ಸಾಬಮ್ಮ ಚಪ್ಪಾಳೆ ತಟ್ಟಿದ್ದ ಸಣ್ಣ ಮಗಳ ಎರಡೂ ಕೈ ಹಿಡಿದುಕೊಂಡಳು.

ದೊಡ್ಡ ಜ್ವರದ ವರ್ಷ ಕಮಲಾಪುರದ ಕೇರಿಯಲ್ಲಿ ಹೆಣ ಹೊರುವುದಕ್ಕೆ ಹೆಗಲು ಸಾಲದಾಗಿತ್ತು. ಕೊಯ್ಯುವವರಿಲ್ಲದೆ ಜೋಳ ನಿಂತಲ್ಲೇ ಒಣಗಿ, ಕಾಳೆಲ್ಲ ಹಕ್ಕಿಗಳ ಪಾಲಾಗುತ್ತಿತ್ತು. ಆಗ ಇದೇ ಗೌಡ ಉಳಿದ ಹೆಂಗಸರನ್ನು ಕಣದ ಅಂಚಿಗೆ ಕರೆಸಿ, “ಹಡೀರ್ಯಬೇ, ನನಗ ಕೈ ಬೇಕು. ಹುಟ್ಟಿದ ಕೂಸಿಗೊಂದು ಮೊರ ಜ್ವಾಳ, ಅದು ಕುಡುಗೋಲ ಹಿಡಿಯೂತನಾ ಸುಗ್ಗಿ ಸುಗ್ಗಿಗಿ ಕೊಡ್ತೀನಿ. ಕಣದಾಗ ನಿಂತು ಆಡೀನಿ, ಸುಳ್ಳಾಗಂಗಿಲ್ಲ” ಎಂದಿದ್ದ. ಕೇರಿ ಅದಕ್ಕೆ ತೊಟ್ಟಿಲ ಮೊರ ಎಂದು ಹೆಸರಿಟ್ಟಿತ್ತು. ಆಗಿನ್ನೂ ಸಾಬಮ್ಮಳ ಮೈಯ ಅರಿಷಿಣ ಆರಿರಲಿಲ್ಲ. ಹಡೆದಾಗಲೆಲ್ಲ ಕೂಸನ್ನು ಮೊರದಲ್ಲಿ ಮಲಗಿಸಿ ತಂದು ತೋರಿಸಿದಳು. ಗೌಡ ದೂರದಿಂದಲೇ ಇಣುಕಿ “ಭೇಷ್!” ಎನ್ನುತ್ತಿದ್ದ. ದೊಡ್ಡದು ಕುಡುಗೋಲು ಹಿಡಿದೊಡನೆ ಅದರ ಮೊರ ನಿಲ್ಲುತ್ತಿತ್ತು. ಅದಕ್ಕೇ ತೊಟ್ಟಿಲು ಬರಿದು ಬಿಡುವಂತಿರಲಿಲ್ಲ. ನಾಲ್ಕನೆಯದಕ್ಕೆ ಜೀವ ಹೋಗಿ ಬಂದಾಗ ಸೂಲಗಿತ್ತಿ ಗುಂಡಮ್ಮ “ಸಾಕು ಮಾಡು, ಸಾಯ್ತಿ” ಎಂದು ಬೈದಿದ್ದಳು. ಹಡೆಯದಿದ್ದರೆ ಉಳಿದ ಮೂರಕ್ಕೆ ಬೇಸಿಗೆಯಲ್ಲಿ ಅಂಬಲಿ ಎಲ್ಲಿಂದ ಬರಬೇಕು?

ಗಾಡಿ ಹೂಡಿಸುತ್ತಿದ್ದ ಗೌಡನ ಎದುರು ಹೋಗಿ ನಿಂತಳು.

“ಧಣೀ, ಕಣದಾಗ ನಿಂತು ಮಾತ ಕೊಟ್ಟಿದ್ರಿ.”

“ಯಾವ ಮಾತಬೇ ರಂಡಿ? ಹಡಿ ಅಂತ ನಿನ್ನ ಹಾಸಗಿತನಾ ಬಂದಿದ್ನೇನು? ಕೈ ಬೇಕಾಗಿದ್ದು ಆವಾಗ. ಈಗ ತೆನಿ ಒಕ್ಕೂ ಮಷೀನ ಅದ. ಅದಕ್ಕ ಕೈ ಅದ, ಬಾಯಿ ಇಲ್ಲ.”

ಮಷೀನಿಗೆ ಎಣ್ಣೆ ತರಲು ಗಾಡಿ ಶಹಾಬಜಾರದ ಕಡೆ ತಿರುಗಿತು. ಸಾಬಮ್ಮ ಮಕ್ಕಳನ್ನು ಕಟ್ಟಿಕೊಂಡು ಕಮಲಾಪುರದ ಹಾದಿ ಹಿಡಿದು ನಡೆದಳು.

ಕೇರಿಗೆ ಸುದ್ದಿ ಮುಟ್ಟಿದಾಗ ಮೊರ ಎಣಿಸಿಕೊಂಡು ಕೂತಿದ್ದ ಮನೆಗಳೆಲ್ಲ ಒಲೆ ಆರಿದಂತಾದವು. ಗಂಡ ಯಂಕಪ್ಪ ತಲೆ ಕೆರೆದುಕೊಂಡ. “ದೊಡ್ಡವರ ಮಾತು. ಸುಮ್ನಿರಬೇಕು.”

“ನೀ ಸುಮ್ನಿದ್ದಿದ್ರ ಆರು ಆಗ್ತಿದ್ದಿಲ್ಲೋ ಭಾಡ್ಯಾ!”

ಅಷ್ಟು ಸಂಕಟದಲ್ಲೂ ಹೆಂಗಸರು ಕಿಸಕ್ಕನೆ ನಕ್ಕರು. ಗುಂಡಮ್ಮ ನಗಲಿಲ್ಲ. ಎದ್ದು ಹೋಗಿ ಗೋಡೆಗೆ ತೂಗುಹಾಕಿದ್ದ ಮೊರ ಇಳಿಸಿ, ಧೂಳು ಕೊಡವಿ ತಂದು ಸಾಬಮ್ಮಳ ಮುಂದಿಟ್ಟಳು.

ರಾಶಿಯ ದಿನ ಕಣ ಸಾರಿಸಿತ್ತು. ಹಿಂದೆಂದೂ ಕಾಣದಷ್ಟು ಎತ್ತರದ ರಾಶಿ, ಮೇಲೆ ಬೇವಿನ ಎಸಳು. ರಾಶಿ ಕೂಡಿದ ಮೇಲೆ ಕೇರಿಯವರು ಕಣದೊಳಗೆ ಕಾಲಿಡುವಂತಿರಲಿಲ್ಲ. ರಾಶಿಪೂಜೆಗೆ ಬಂದ ಐನಾರು ವಿಭೂತಿ ಚೆಲ್ಲಿ ಹಿಂದೆ ಸರಿದರು. ಅಳೆಯುವ ಮಲ್ಲಣ್ಣ ಕೊಳಗ ತುಂಬಿ, ಮೊದಲ ಅಳತೆಗೆ ವಾಡಿಕೆಯಂತೆ “ಲಾಭ” ಎನ್ನಲು ಬಾಯಿ ತೆರೆದ. ತೆರೆದ ಬಾಯಿ ತೆರೆದೇ ಉಳಿಯಿತು.

ಸಾಬಮ್ಮ ಒಳಗೆ ಬಂದಿದ್ದಳು. ಕೈಯಲ್ಲಿ ಮೊರ, ಮೊರದಲ್ಲಿ ಕೂಸು. ನೇರ ನಡೆದು, ಮೊಣಕಾಲೂರಿ ರಾಶಿ ಹತ್ತಿ, ಅದರ ನೆತ್ತಿಗೆ ಮೊರ ಇಟ್ಟಳು. ಇಳಿದು ಎರಡು ಹೆಜ್ಜೆ ಹಿಂದೆ ಸರಿದು, ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡಳು.

“ಮೈಲಿಗಿ! ಮೈಲಿಗಿ ಆಯ್ತು!” ಐನಾರು ಕಣದ ಅಂಚಿಗೆ ಹಾರಿದರು.

“ತೆಗಿಯಲೇ ಸೂಳಿ ಅದಕ್ಕ!” ಗೌಡ ಬಾರಕೋಲು ಎತ್ತಿದ.

“ಹೊಡೀರಿ ಧಣಿ. ಬಾರಕೋಲ ಮುಟ್ಟಿದ್ರ ಮೈಲಿಗಿ ಇಲ್ಲಲ್ಲ.” ಸಾಬಮ್ಮ ಗದ್ದವೆತ್ತಿ ಮೊರದೊಳಗಿನ ಕೂಸನ್ನು ತೋರಿಸಿದಳು. “ನೀವು ಬೇಡಿದ ಕೈ ಇವು. ಎಣಸ್ಕೋರಿ. ರಾಶಿ ಕಲಬುರ್ಗಿ ಪ್ಯಾಟಿಗಿ ಒಯ್ದು ಮಾರ್ರಿ, ಅಲ್ಲಿ ಯಾರಿಗಿ ಗೊತ್ತಾಗ್ತದ? ಆದ್ರ ಮೊದಲ ಕೂಸಿಗಿ ಮುಟ್ಟಿ ಎತ್ರಿ. ನಾ ಎತ್ತಂಗಿಲ್ಲ.”

ಬಾರಕೋಲು ಅವಳ ಬೆನ್ನಿಗೆ ಬಿತ್ತು. ಇನ್ನೊಮ್ಮೆ ಬಿತ್ತು. ಕಂಕುಳಿನ ಕೈ ಹೊರಗೆ ಬರಲಿಲ್ಲ. ಕಣದ ಅಂಚಿನಲ್ಲಿ ಗುಂಡಮ್ಮ, ಅವಳ ಹಿಂದೆ ಕೇರಿಯ ಹೆಂಗಸರು, ಒಬ್ಬೊಬ್ಬರ ಕೈಯಲ್ಲೂ ಮೊರ. ಯಾವ ಮೊರವೂ ಖಾಲಿಯಿರಲಿಲ್ಲ.

ಗೌಡ ಮಲ್ಲಣ್ಣನನ್ನು ನೋಡಿದ. ಮಲ್ಲಣ್ಣ ಐನಾರನ್ನು ನೋಡಿದ. ಐನಾರು ಆಕಾಶ ನೋಡಿದರು.

ಕೂಸು ಎಚ್ಚರಗೊಂಡು ಕಾಲು ಝಾಡಿಸಿತು. ಮೊರ ಅಲುಗಿ, ರಾಶಿಯ ನೆತ್ತಿ ಕುಸಿದು, ಮುತ್ತಿನಂಥ ಜೋಳ ಸರಸರನೆ ಇಳಿದು ಗೌಡನ ಪಾದದವರೆಗೆ ಉರುಳಿ ಬಂತು. ಅವನು ತನ್ನದೇ ಕಾಳಿನಿಂದ ಒಂದು ಹೆಜ್ಜೆ ಹಿಂದೆ ಸರಿದ.