ಬಸ್ಸಿನ ಕ್ಯಾಸೆಟ್ಟು

"ಪುನಃ ಒಮ್ಮೆ ಓದುವಾ ವಾರಿಜಕ್ಕ," ಎಂದು ಗಾಜಿನ ಆಚೆಯಿಂದ ಎಡ್ವರ್ಡ್ ಹೇಳಿದಾಗ ವಾರಿಜಾಕ್ಷಿಗೆ ಅಳುವೇ ಬಂತು. ಇದು ಏಳನೆಯ ಸಲ. ಅರಬರ ನಾಡಿನ ಬಂದರೂರು ಮತ್ರಾದ ಆ ಪುಟ್ಟ ಸ್ಟುಡಿಯೋದಲ್ಲಿ ಎಡ್ವರ್ಡ್ ರೆಕಾರ್ಡಿಂಗ್ ನೋಡಿಕೊಳ್ಳುವವನು, ಅವಳು ಟೈಪಿಸ್ಟ್. ನಿಜ್ವಾ ಕಡೆಯ ರಸ್ತೆ ಕಂಪನಿಯೊಂದು ಕಾರ್ಮಿಕರ ಬಸ್ಸಿನಲ್ಲಿ ಹಾಕಲು ಬಿಸಿಲಿನ ಎಚ್ಚರಿಕೆಯ ಕ್ಯಾಸೆಟ್ ಮಾಡಿಸುತ್ತಿತ್ತು. ಇಂಗ್ಲಿಷ್, ಹಿಂದಿ ಮುಗಿದಿದ್ದವು. ಕನ್ನಡದ್ದು ಮಧ್ಯಾಹ್ನದೊಳಗೆ ಆಗದಿದ್ದರೆ ಬಿಟ್ಟೇಬಿಡಿ ಎಂದಿದ್ದರು.

ಆ ಬಸ್ಸಿನಲ್ಲಿ ಅವಳ ಅಣ್ಣ ತುಕ್ರನೂ ಹೋಗುತ್ತಿದ್ದ. ಹಿಂದಿ ಅವನ ತಲೆಗೆ ಹತ್ತಿದ್ದಲ್ಲ. ಹೋದ ವರ್ಷ, ೧೯೮೭ರ ಜೂನ್‌ನಲ್ಲಿ, ಡಾಂಬರಿನ ಪಕ್ಕದಲ್ಲೇ ಕುಸಿದು ಬಿದ್ದು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದ. ಈ ವರ್ಷ ಹಾಗಾಗಬಾರದೆಂದೇ ಅವಳು ಈ ಕೆಲಸವನ್ನು ಕೇಳಿ ಪಡೆದದ್ದು. ಆದರೆ ಮೈಕಿನ ಮುಂದೆ ಕೂತದ್ದೇ ತಡ, ನಮ್ಮವರೆಲ್ಲರ ಹಾಗೆ ಅವಳಿಗೂ ರೇಡಿಯೊ ವಾರ್ತೆಯ ದನಿ ಬಂದುಬಿಡುತ್ತಿತ್ತು. "ಕಾರ್ಮಿಕರು ಆಗಾಗ ಜಲಸೇವನೆ ಮಾಡತಕ್ಕದ್ದು" ಎಂದರೆ ಯಾರೋ ಮಂತ್ರಿ ತೀರಿಕೊಂಡಂತೆ ಕೇಳುತ್ತಿತ್ತು.

ಹನ್ನೊಂದಕ್ಕೆ ಬೇರೊಂದು ಜಾಹೀರಾತು ಓದುವ ಸರದಿ ಐಲ್ಸಾ ಮೇಡಮ್ಮನದು. ಸ್ಕಾಟ್ಲೆಂಡಿನ ನಟಿ, ಗಂಡ ಇಲ್ಲಿ ಎಂಜಿನಿಯರ್. ಇಂಗ್ಲಿಷ್ ಕ್ಯಾಸೆಟ್ಟಿನ ದನಿಯೂ ಅವರದೇ. ಅವತ್ತು ಕಾರು ಕೆಟ್ಟು, ಬಂದರಿನಿಂದ ನಡೆದೇ ಬಂದವರ ಮುಖ ಬೆಂದು ಕೆಂಪಾಗಿತ್ತು. ಅದನ್ನು ಕಂಡು ವಾರಿಜಾಕ್ಷಿ ಮೈಕು ಬಿಟ್ಟೆದ್ದಳು. ಬಿಸಿಲಿನಿಂದ ಬಂದವರಿಗೆ ಮೊದಲು ಬೆಲ್ಲ, ನೀರು, ಮಾತೆಲ್ಲ ಆಮೇಲೆ. ಅದು ಊರಿನ ರೂಢಿ. ಬೆಳಗಿನಿಂದ ಕನ್ನಡವನ್ನೇ ಓದುತ್ತಿದ್ದುದರಿಂದ ಇಂಗ್ಲಿಷಿನ ಬದಲು ಊರಿನ ಕನ್ನಡವೇ ಬಾಯಿಗೆ ಬಂತು.

"ಕೂತ್ಕೊಳ್ಳಿ ಮೇಡಂ. ಬೆಲ್ಲ ಬಾಯಿಗೆ ಹಾಕಿ ಮೊದ್ಲು. ಒಟ್ಟಿಗೇ ಕುಡಿಬೇಡಿ, ಸ್ವಲ್ಪ ಸ್ವಲ್ಪ. ಈ ಬಿಸಿಲಿಗೆ ನಡ್ಕೊಂಡು ಬರುದಾ?"

ಐಲ್ಸಾ ಹೇಳಿದಂತೆ ಕುಡಿದು, ಲೋಟ ಕೆಳಗಿಟ್ಟು, ಇಂಗ್ಲಿಷಿನಲ್ಲಿ ಹೇಳಿದರು: "ನಿನ್ನ ಮಾತು ಒಂದೂ ತಿಳಿಯಲಿಲ್ಲ, ಆದರೂ ನೀನು ಹೇಳಿದ ಹಾಗೇ ಮಾಡಿದೆ. ಕ್ಯಾಸೆಟ್ಟಿಗೂ ಹೀಗೇ ಹೇಳು."

"ಮೈಕಿನ ಆಚೆ ಯಾರೂ ಇಲ್ಲವಲ್ಲ ಮೇಡಂ."

"ಮೂವತ್ತು ವರ್ಷದಲ್ಲಿ ನಾನು ರಂಗದ ಮೇಲೆ ರಾಣಿಯಾಗಿದ್ದೇನೆ, ಮಕ್ಕಳ ನಾಟಕದಲ್ಲಿ ಹಸುವಿನ ಹಿಂಗಾಲಾಗಿದ್ದೇನೆ, ಜಾಹೀರಾತಿನಲ್ಲಿ ಸೋಪಾಗಿ ಮಾತಾಡಿದ್ದೇನೆ. ರೇಡಿಯೊದಲ್ಲಿ ಕೋಳಿಯಾಗಿದ್ದಾಗಲೂ ನನ್ನ ಅಜ್ಜಿ ಒಬ್ಬಳಿಗೇ ಕೇಳಲಿ ಎಂದು ಕೂಗುತ್ತಿದ್ದೆ. ಎಡ್ವರ್ಡ್, ನನ್ನ ಒಂದು ಗಂಟೆ ಇವಳಿಗೆ ಕೊಡು."

ಅವರು ಮೈಕಿನ ಆಚೆ ಸ್ಟೂಲು ಹಾಕಿ ಕೂತರು. ವಾರಿಜಾಕ್ಷಿ ಹಾಳೆಯನ್ನು ಮಗುಚಿಟ್ಟು, ಆ ಕೆಂಪು ಮುಖ ನೋಡುತ್ತ, "ಅಣ್ಣ, ನೀರು ಕುಡಿದ್ರಾ?" ಎಂದು ಶುರುಮಾಡಿದಳು. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಎಡ್ವರ್ಡ್, "ಖಲಾಸ್ ಅಕ್ಕ, ಚಂದ ಬಂತು," ಅಂದ.

ಮುಂದಿನ ಶುಕ್ರವಾರದ ರಜೆಗೆ ತುಕ್ರ ಅವಳ ಮನೆಗೆ ಬಂದ.

"ಹಿಂದಿ ಕ್ಯಾಸೆಟ್ಟು ಬರುವಾಗ ಎಲ್ಲ ನಿದ್ದೆ ಮಾರಾಯ್ತಿ. ನಿಂದು ಬಂತಲ್ಲ, ನೀರು ಕುಡಿದ್ರಾ ಅಂತ ಕೇಳಿತು. ಹಿಂದಿನ ಸೀಟಿನ ಕೊಗ್ಗಣ್ಣ, 'ಇಲ್ಲ ಅಕ್ಕ, ಈಗ ಕುಡಿತೇನೆ' ಅಂತ ಬಾಟ್ಲಿ ತೆಗೆದ. ನೆಗಾಡಿದ್ದು ನಾವು. ಈಗ ದಿನಾ ಎಲ್ಲರೂ ಉತ್ತರ ಕೊಡುದು."

ಶನಿವಾರ ವಾರಿಜಾಕ್ಷಿ ಇದನ್ನೆಲ್ಲ ತನಗೆ ಬಂದ ಇಂಗ್ಲಿಷಿನಲ್ಲಿ ಐಲ್ಸಾ ಮೇಡಮ್ಮನಿಗೆ ಹೇಳಿದಳು. ಋಣ ಎನ್ನುವುದಕ್ಕೆ ಆ ಭಾಷೆಯಲ್ಲಿ ಏನೆನ್ನಬೇಕೋ ತಿಳಿಯದೆ ಎರಡೆರಡು ಸಲ ಥ್ಯಾಂಕ್ಯೂ ಅಂದಳು.

"ನನಗೆ ಚಪ್ಪಾಳೆ ಸಿಕ್ಕಿದೆ. ಉತ್ತರ ಯಾರೂ ಕೊಟ್ಟಿಲ್ಲ," ಅಂದರು ಐಲ್ಸಾ. "ಆ ಮನುಷ್ಯನ ಹೆಸರೇನಂದೆ?"

"ಕೊಗ್ಗ."

ಅವರು ಅದನ್ನು ಇನ್ನೊಮ್ಮೆ ಹೇಳಿಸಿಕೊಂಡು, ಅವತ್ತು ಓದಬೇಕಾದ ಹಾಳೆಯ ತುದಿಯಲ್ಲಿ ಪೆನ್ಸಿಲಿನಿಂದ ಬರೆದುಕೊಂಡರು. ಆಮೇಲೆ ಕುರ್ಚಿ ಎಳೆದುಕೊಂಡು ಮೈಕಿನ ಮುಂದೆ ಕೂತರು.