ಕಕ್ಕಿಸುವ ಕಷಾಯ

"ಏಳೇ ಮೂದೇವಿ, ನನ್ ತಮ್ಮುನ್ಗೆ ಏನ್ ಇಕ್ದೆ?"

ಜಡೇಸ್ವಾಮಿ ತಮ್ಮನ ಹೆಂಡತಿಯ ತುರುಬು ಹಿಡಿದು ತಲೆಯನ್ನು ಜಗಲಿಯ ಕಂಬಕ್ಕೆ ಮತ್ತೊಮ್ಮೆ ಬಡಿದ. ಪುಟ್ಟಮಲ್ಲಮ್ಮನ ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಶಾಗ್ಯದ ಅರ್ಧ ಊರು ಅಂಗಳದಲ್ಲಿ ನಿಂತಿತ್ತು. ಬಿಡಿಸುವುದಕ್ಕೆ ಒಬ್ಬನೂ ಬರಲಿಲ್ಲ. ಬಿಟ್ಟಿ ತಮಾಷೆ ಯಾರಿಗೆ ಬೇಡ!

"ಏನೂ ಇಕ್ಕಿಲ್ಲ ಬಾವ! ಒಟ್ಟೆ ಕುಯ್ದು ತಗ್ದವ್ರೆ ಅಂತ ಎಷ್ಟ್ ಸಲ ಏಳ್ಳಿ?"

ಎಪ್ಪತ್ತನಾಲ್ಕರ ಆ ಬೇಸಿಗೆಯಲ್ಲಿ, ಇಪ್ಪತ್ತು ದಿನದ ಹಿಂದೆ, ಮೈಸೂರಿನ ಆಸ್ಪತ್ರೆಯೊಂದರಲ್ಲಿ ಅವಳ ಗಂಡ ಚಿಕ್ಕಸಿದ್ದಯ್ಯನ ಹುಣ್ಣು ಬಿದ್ದ ಹೊಟ್ಟೆಯನ್ನು ಮುಕ್ಕಾಲು ಪಾಲು ಕತ್ತರಿಸಿ ತೆಗೆದಿದ್ದರು. ಕೂತ ಪಟ್ಟಿಗೆ ಮೂರು ಮುದ್ದೆ ನುಂಗುತ್ತಿದ್ದ ಆಳು ಈಗ ನಾಲ್ಕು ತುತ್ತಿಗೇ ಕೈ ತೊಳೆಯುತ್ತಿದ್ದ. ಡಾಕ್ಟರು ಅವಳನ್ನು ಕೂರಿಸಿಕೊಂಡು ಹೇಳಿದ್ದರು: "ಹಸಿವಾಯ್ತು, ಸಾಕಾಯ್ತು ಅನ್ನೋ ಸುದ್ದಿ ಹೊಟ್ಟೆ, ಕರುಳಿಂದಲೇ ತಲೆಗೆ ಹೋಗೋದಮ್ಮ. ಅಲ್ಲಿ ಹುಟ್ಟೋ ರಸ ರಕ್ತದಲ್ಲಿ ಓಡಿ ಸುದ್ದಿ ಮುಟ್ಟಿಸುತ್ತೆ. ಈಗ ಇವರು ತಿಂದದ್ದು ಬೇಗ ಕರುಳಿಗೆ ಬೀಳುತ್ತೆ, ಕರುಳೂ ಬೇಗ ಸಾಕು ಅನ್ನುತ್ತೆ. ಸ್ವಲ್ಪ ಸ್ವಲ್ಪವೇ ಕೊಡಿ. ವಾಂತಿ ಮಾತ್ರ ಆಗಕೂಡದು. ಒಳಗಿನ ಹೊಲಿಗೆ ಬಿಚ್ಚಿಕೊಂಡರೆ ಜೀವಕ್ಕೇ ಅಪಾಯ."

ಇದನ್ನು ಕೇಳಿ ಅತ್ತೆ ಕೆಂಪಾಜಮ್ಮ ಬಾಯಿ ಬಡಿದುಕೊಂಡಿದ್ದಳು. ಕರುಳು ಮಾತಾಡುವುದುಂಟೇ? ಗಂಡನನ್ನು ಸೆರಗಿಗೆ ಕಟ್ಟಿಕೊಳ್ಳಲು ಸೊಸೆ ಅನ್ನದಲ್ಲಿ ಮದ್ದು ಇಕ್ಕಿದ್ದಾಳೆ, ಅದು ಒಳಗೆ ಕಚ್ಚಿಕೊಂಡು ಊಟ ಸೇರದಂತೆ ಮಾಡಿದೆ ಎಂದಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ, ಎಲ್ಲರೂ ಹೌದೆಂದರು. ಅದಕ್ಕೇ ಈಗ ಬಂಡಳ್ಳಿಯಿಂದ ಮದ್ದು ಕಕ್ಕಿಸುವ ನಿಂಗಯ್ಯ ಬಂದು, ಕಷಾಯದ ಬಟ್ಟಲು ಹಿಡಿದು ಕೂತಿದ್ದ.

"ಇಡ್ಕಳ್ರಪ್ಪ ಅವುನ್ನ," ಎಂದ ನಿಂಗಯ್ಯ.

ಇಬ್ಬರು ಜಗಲಿಯ ಮೇಲೆ ಮಲಗಿದ್ದ ಚಿಕ್ಕಸಿದ್ದಯ್ಯನ ತೋಳುಗಳನ್ನು ನೆಲಕ್ಕೆ ಒತ್ತಿದರು. "ಬ್ಯಾಡ ಕಣಣ್ಣ, ಸತ್ತೋಯ್ತೀನಿ! ಅವ್ಳು ಏನೂ ಇಕ್ಕಿಲ್ಲ!" ಎಂದು ಅವನು ಒದ್ದಾಡಿದ. ಜಡೇಸ್ವಾಮಿಗೆ ಅಳು ಒತ್ತರಿಸಿ ಬಂತು. ಹೆಗಲ ಮೇಲೆ ಹೊತ್ತು ಬೆಳೆಸಿದ ತಮ್ಮ. ಆದರೂ ದವಡೆಗೆ ಬೆರಳು ತುರುಕಿ ಬಾಯಿ ಅಗಲಿಸಿದ.

ಪುಟ್ಟಮಲ್ಲಮ್ಮ ಮೇಲೆ ಬಿದ್ದು ಭಾವನ ಕೈ ಕಚ್ಚಿದಳು. ಹಲ್ಲು ಮೂಳೆಗೆ ತಾಗಿದರೂ ಬಿಡಲಿಲ್ಲ. ಅವನು ಒದ್ದ ಒದೆಗೆ ಅಂಗಳಕ್ಕೆ ಉರುಳಿದವಳು ಎದ್ದು ಬಂದು ನಿಂಗಯ್ಯನ ಕೈಯಿಂದ ಬಟ್ಟಲು ಕಿತ್ತುಕೊಂಡಳು.

"ಅವ್ರು ಉಂಡು ಬುಟ್ಟ ಗಂಗಳದಲ್ಲೇ ದಿನಾ ಉಣ್ಣೋಳು ನಾನು! ಉಳ್ದ ಎಂಜ್ಲೆಲ್ಲಾ ನನ್ ಒಟ್ಟೆಗೇ ಓಗೋದು. ಮದ್ದಿದ್ರೆ ಇಲ್ಲೂ ಇರ್ಬೇಕಲ್ಲ, ನೋಡ್ಕಳಿ!"

ಯಾರಾದರೂ ತಡೆಯುವಷ್ಟರಲ್ಲಿ ಬಟ್ಟಲು ಬರಿದಾಗಿತ್ತು.

ಕರುಳು ಕಿತ್ತು ಬರುವ ಹಾಗೆ ಕಕ್ಕಿದಳು. ಮೊದಲು ಮುದ್ದೆ, ಸೊಪ್ಪಿನ ಸಾರು. ಆಮೇಲೆ ಹಳದಿ ನೀರು. ಕೊನೆಗೆ ನೆತ್ತರಿನ ಎಳೆ. ನಿಂಗಯ್ಯ ಮೆಲ್ಲಗೆ ಚೀಲ ಹೆಗಲಿಗೇರಿಸಿ ಬೇಲಿ ದಾಟಿದ. ಜನ ಮದ್ದಿನ ಉಂಡೆ ಬಿತ್ತೇ ಎಂದು ಬಗ್ಗಿ ಬಗ್ಗಿ ನೋಡಿದರು.

"ಏನಾರ ಅದಾ?" ಎಂದಳು ಕೆಂಪಾಜಮ್ಮ.

ಬಗ್ಗಿದ್ದವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಚಿಕ್ಕಸಿದ್ದಯ್ಯ ಒಂದು ಕೈಯಲ್ಲಿ ಹೊಲಿಗೆ ಒತ್ತಿಕೊಂಡು, ಇನ್ನೊಂದರಲ್ಲಿ ನೀರಿನ ಚೊಂಬು ಹಿಡಿದು ಬಂದು ಎಲ್ಲರೆದುರೇ ಹೆಂಡತಿಯ ಬಾಯಿ ತೊಳೆದ. ಜಡೇಸ್ವಾಮಿ ಅತ್ತ ನೋಡಲಿಲ್ಲ. ಕುಕ್ಕರುಗಾಲಲ್ಲಿ ಕೂತು, ರಕ್ತ ಸುರಿಯುವ ಕೈಯಲ್ಲೇ ಕಡ್ಡಿಯೊಂದನ್ನು ಹಿಡಿದು, ಆ ವಾಂತಿಯನ್ನು ಇನ್ನೂ ಕೆದಕುತ್ತಿದ್ದ.